ಬಾಯಿಲ್ಲದ ಫೋನು

ಆಗಸ್ಟ್ 3, 2022, ಬುಧವಾರ. ಯಾದಗಿರಿ

ಮಧ್ಯಾಹ್ನ ಎರಡೂ ಹತ್ತಕ್ಕೆ ಬಂದಿಳಿದೆ. ಸ್ಟೇಷನ್ ರಸ್ತೆಯ ಲಾಡ್ಜು, ಮೊದಲ ಮಹಡಿ. ಇರುವುದೊಂದೇ ಕಿಟಕಿ, ಅದರಿಂದ ಗುಡ್ಡದ ಕೋಟೆ ಕಾಣುತ್ತದೆ.

ಕೆಲಸ ಇಷ್ಟು. ಮನಸ್ಸಿನ ತೊಂದರೆ ಇರುವ ಹದಿನೈದರಿಂದ ಇಪ್ಪತ್ತೈದು ವರ್ಷದವರಿಗಾಗಿ ನಮ್ಮ ಸಂಸ್ಥೆ ಈ ಜಿಲ್ಲೆಯಲ್ಲಿ ಮೂರು ಸಲಹಾ ಕೋಣೆ ನಡೆಸುತ್ತದೆ. ಯಾದಗಿರಿಯಲ್ಲೊಂದು, ಶಹಾಪುರದಲ್ಲೊಂದು, ಸುರಪುರದಲ್ಲೊಂದು. ಬರುವವರ ವಿವರವೆಲ್ಲ ಈಗ ಕೈಬರಹದ ರಿಜಿಸ್ಟರಿನಲ್ಲಿದೆ. ಅದನ್ನು ಕಂಪ್ಯೂಟರಿಗೆ ತರಬೇಕು. ಯಾರು ಬಂದರು, ಏನಾಗಿದೆ, ಮತ್ತೆ ಯಾವಾಗ ಬರಬೇಕು, ಬರದಿದ್ದರೆ ಯಾರು ವಿಚಾರಿಸಬೇಕು. ಪ್ರೋಗ್ರಾಂ ಬರೆಯುವವರು ಬೇರೆ. ಅದಕ್ಕೂ ಮೊದಲು ಸಲಹೆಗಾರರ ಪಕ್ಕ ಕೂತು, ಅವರಿಗೆ ಏನೇನು ಬೇಕೆಂದು ಕೇಳಿ, ಪಟ್ಟಿ ಮಾಡುವುದು ನನ್ನ ಪಾಲು. ನಾಲ್ಕು ವಾರ. ಆಗಸ್ಟ್ 31ಕ್ಕೆ ಪಟ್ಟಿ ಕಲಬುರಗಿಯ ಕಚೇರಿಯಲ್ಲಿರಬೇಕು.

ಅಣ್ಣ ತಾಯಪ್ಪ ಇಲ್ಲಿಂದ ಒಂದು ಗಂಟೆಯ ದಾರಿಯಲ್ಲಿ, ಸೈದಾಪುರದಲ್ಲಿದ್ದಾನೆ. ಕಡೇಚೂರಿನ ಕಾರ್ಖಾನೆಯೊಂದರ ಗೇಟು ಕಾಯುತ್ತಾನೆ. ಬಂದಿರುವುದನ್ನು ತಿಳಿಸಿಲ್ಲ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಮಾತಾಡುತ್ತೇವೆ. ಮೂರು ನಿಮಿಷ ಮೀರುವುದಿಲ್ಲ.

ಚೀಲದಲ್ಲಿ ಕನ್ನಡಕ್ಕೆ ಬಂದಿರುವ ಒಂದು ಹಂಗೇರಿಯ ಕಾದಂಬರಿ. ಅನುವಾದ ಅಚ್ಚುಕಟ್ಟಾಗಿದೆ. ಆದರೆ ಅದರಲ್ಲಿ ರೈಲ್ವೆ ಕೂಲಿಯೊಬ್ಬ, "ದಯವಿಟ್ಟು ಕ್ಷಮಿಸಬೇಕು ಮಹಾಶಯರೇ" ಎನ್ನುತ್ತಾನೆ. ಯಾವ ದೇಶದ ಕೂಲಿ ಹಾಗೆ ಅಂದಾನು? ಅರವತ್ತು ಪುಟ ಓದಿದೆ.

ಆಗಸ್ಟ್ 4, ಗುರುವಾರ. ಸುರಪುರ

ಸುರಪುರದ ಕೋಣೆ ಸಿಗಲಿಲ್ಲ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಎರಡು ಸಲ ಅಡ್ಡಾಡಿದ ಮೇಲೆ ಗೊತ್ತಾಯಿತು, ಬೋರ್ಡಿನಲ್ಲಿ ನಮ್ಮ ಸಂಸ್ಥೆಯ ಹೆಸರೇ ಇಲ್ಲ. 'ಹೊಲಿಗೆ ತರಬೇತಿ' ಎಂದಿದೆ. ಒಳಗೆ ಮೂರು ಹೊಲಿಗೆ ಯಂತ್ರ, ಒಂದು ಕಬ್ಬಿಣದ ಕಪಾಟು, ಒಂದು ಚಾಪೆ. ಸಲಹೆಗಾರ್ತಿ ಬಸ್ಸಮ್ಮನವರಿಗೆ ಐವತ್ತರ ಮೇಲೆ. ಮೊದಲು ಅಂಗನವಾಡಿಯಲ್ಲಿದ್ದರಂತೆ.

"ಬೋರ್ಡನ್ನು ಬದಲಾಯಿಸಬೇಕಲ್ಲವೇ?" ಎಂದು ಕೇಳಿದೆ.

"ಬದ್ಲಿ ಮಾಡ್ರಿ. ನಾಳಿಂದ ಒಂದು ಹುಡುಗೀನೂ ಈ ಕಡಿ ಬರಂಗಿಲ್ಲ. ಹೊಲಿಗಿ ಕಲಿಯಾಕ ಹೋಗ್ತೀನಿ ಅಂದ್ರ ಮನ್ಯಾಗ ಬಿಡ್ತಾರ. ತಲ್ಯಾಗಿಂದು ಹೇಳಿಕೊಳ್ಳಾಕ ಹೋಗ್ತೀನಿ ಅಂದ್ರ ಬಿಡ್ತಾರೇನ್ರಿ?"

ಹುಡುಗಿಯರು ಮಾತಾಡುವಾಗ ಅವರು ಯಂತ್ರ ತುಳಿಯುತ್ತಲೇ ಇರುತ್ತಾರಂತೆ. ಆ ಸದ್ದಿನಲ್ಲಿ ಮಾತು ಬಾಗಿಲಾಚೆ ಹೋಗುವುದಿಲ್ಲ. ಕೇಳುವವರ ಕಣ್ಣು ಬಟ್ಟೆಯ ಮೇಲಿರುತ್ತದೆ, ಹೇಳುವವರಿಗೂ ಹಗುರ. ಎಲ್ಲರೂ ಹೋದ ಮೇಲೆ ರಿಜಿಸ್ಟರು ಬರೆಯುತ್ತಾರೆ. ಅವರು ಬರೆಯುವುದು ಆಡುಮಾತಿನಲ್ಲೇ. ಹದಿನಾಲ್ಕನೆಯ ಕೇಸು ಕಕ್ಕೇರಾದ ಹುಡುಗಿ, ಹದಿನೆಂಟು ವರ್ಷ, ಪಿಯುಸಿ. ಮಾರ್ಚಿನಲ್ಲಿ ಬರೆದದ್ದು: "ಊಟ ಬಿಟ್ಟಾಳ. ಕೆನಾಲ್ ಮೆಟ್ಟಿಲ ಮ್ಯಾಲ ಕೂತು ನೀರು ನೋಡ್ತಾಳ." ಜುಲೈ: "ಎರಡು ರೊಟ್ಟಿ. ನೀರು ನೋಡೋದು ಕಮ್ಮಿ ಆಗ್ಯಾದ." ಇದನ್ನು ಯಾವ ವರ್ಗಕ್ಕೆ ಸೇರಿಸುವುದು? ಪಟ್ಟಿಯಲ್ಲಿ ಪ್ರಶ್ನೆ ಎಂದು ಗುರುತು ಹಾಕಿಕೊಂಡೆ.

ಮುಂದಿನ ಭೇಟಿಯನ್ನು ಹೇಗೆ ನೆನಪಿಸುತ್ತೀರಿ ಎಂದೆ.

"ಎರಡು ಮಿಸ್ ಕಾಲ್. ಬುಧವಾರ ಕೊಡ್ತೀನಿ. ಅಂದ್ರ, ನಾ ಅದೀನಿ, ನಾಳಿ ಬಾ ಅಂತ. ಆಕಿ ತಿರುಗಿ ಎರಡು ಕೊಟ್ರ ಬರ್ತಾಳ. ಒಂದೇ ಕೊಟ್ರ ಬರಾಕ ಆಗಂಗಿಲ್ಲ, ಖರೇ ಆರಾಮ ಅದಾಳ."

"ಕೊಡದೇ ಇದ್ದರೆ?"

"ಮುಂದಿನ ಬುಧವಾರ ಮತ್ತ ಎರಡು."

ಮನೆಗೊಂದೇ ಫೋನು, ಅದು ಯಾರ ಕೈಯಲ್ಲಿರುತ್ತದೋ ಗೊತ್ತಿಲ್ಲ, ಅದಕ್ಕೇ ಮಾತಾಡುವುದಿಲ್ಲವಂತೆ. ಇದಕ್ಕೆ ಯಾವ ದಾಖಲೆಯೂ ಉಳಿಯುವುದಿಲ್ಲ. ಪಟ್ಟಿಯಲ್ಲಿ ಬರೆದೆ: "ಈಗಿನ ಲೋಪ: ನೆನಪಿಸುವ ವಿಧಾನ ಅಸ್ಪಷ್ಟ. ಪರಿಹಾರ: ತಾನಾಗಿ ಹೋಗುವ ಸಂದೇಶ. ಫೋನ್ ಸಂಖ್ಯೆ ಕಡ್ಡಾಯ."

ಹೊರಡುವಾಗ ಬಸ್ಸಮ್ಮನವರು ಕೇಳಿದರು, "ನೀವು ಯಾವೂರವರ್ರಿ ಮೇಡಂ?"

"ಶಹಾಪುರದ ಕಡೆಯವಳೇ."

"ಸುಳ್ಳು ಹೇಳಬ್ಯಾಡ್ರಿ. ಪುಸ್ತಕದಾಗಿನ ಮಂದಿ ಮಾತಾಡಿದಂಗ ಮಾತಾಡ್ತೀರಿ."

ಆಗಸ್ಟ್ 9, ಮಂಗಳವಾರ. ಶಹಾಪುರ

ಶಹಾಪುರದ ಸಲಹೆಗಾರರದು ಅಚ್ಚುಕಟ್ಟಾದ ಕೆಲಸ. ಒಂದು ಗಂಟೆಯಲ್ಲಿ ಮುಗಿಯಿತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಆಟೋ ಹಿಡಿದು ಭೀಮರಾಯನಗುಡಿಗೆ ಹೋದೆ. ಹೋಗಬೇಕೆಂದು ಹೊರಟದ್ದಲ್ಲ.

ಅಪ್ಪ ಮರಿಲಿಂಗಪ್ಪ ಕಾಲುವೆಯ ಗೇಜ್ ರೀಡರ್. ನಾವಿದ್ದದ್ದು ಅಲ್ಲಿಯ ನೀರಾವರಿ ಕ್ಯಾಂಪಿನ ಕ್ವಾರ್ಟರ್ಸಿನಲ್ಲಿ. ನಾವಿದ್ದ ಸಾಲಿನ ಅರ್ಧದಷ್ಟು ಮನೆಗಳಿಗೆ ಬಾಗಿಲಿಲ್ಲ. ನಮ್ಮದಕ್ಕೆ ಇದೆ. ಬೇರೆ ಯಾರದೋ ಬೀಗ. ಬೇವಿನ ಮರ ಮಾತ್ರ ಮನೆಯನ್ನು ಮೀರಿ ಬೆಳೆದಿದೆ.

ಸೇತುವೆಯ ಗೋಡೆಗೆ ಬಳಿದಿದ್ದ ಅಳತೆಯ ಪಟ್ಟಿ ಮಾಸಿದೆ. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಅಪ್ಪ ಅಲ್ಲಿ ನಿಂತು ನೀರಿನ ಮಟ್ಟ ಬರೆಯುತ್ತಿದ್ದರು. ಕಣ್ಣು ಮಂದವಾದ ಮೇಲೆ ನಾನು ಬಗ್ಗಿ ನೋಡಿ ಹೇಳುತ್ತಿದ್ದೆ. "ನಾಲ್ಕರ ಮೇಲೆ ಎರಡು ಗೆರೆ ಇರಬಹುದು" ಎಂದರೆ ಅಪ್ಪ ಪೆನ್ನು ಎತ್ತಿಬಿಡುತ್ತಿದ್ದರು. "ಇರಬಹುದು ಬ್ಯಾಡ ದೇವಕಿ. ಕಂಡಷ್ಟ ಹೇಳು. ಕಂಡದ್ದು ಬಿಡಬ್ಯಾಡ, ಕಾಣದ್ದು ಸೇರಿಸಬ್ಯಾಡ." ಮೊದಲ ಸಲ ನೀರು ಬಿಟ್ಟ ದಿನ ನನಗೆ ನೆನಪಿಲ್ಲ. ಅಣ್ಣ ಹೇಳಿದ್ದು ನೆನಪಿದೆ. ನೀರಿಗಿಂತ ಮುಂಚೆ ಅದರ ಮುಂದೆ ಕಸಕಡ್ಡಿ, ಒಣ ಮುಳ್ಳು, ಇಲಿ, ಓತಿಕ್ಯಾತ ಎಲ್ಲ ಓಡಿ ಬಂದವಂತೆ. ಜನ ತೆಂಗಿನಕಾಯಿ ಹಿಡಿದು ನಿಂತವರು ಅವನ್ನು ನೋಡಿ ಹಿಂದೆ ಸರಿದರಂತೆ. ಇದನ್ನು ಹೇಳಿ ನಗುತ್ತಿದ್ದ. ಆಗ ಅಣ್ಣ ನಗುತ್ತಿದ್ದ.

ಕಾಲುವೆ ತುಂಬಿ ಹರಿಯುತ್ತಿದೆ. ಈಚೆ ದಂಡೆಯುದ್ದಕ್ಕೂ ಭತ್ತದ ಹಸಿರು, ಅದರಾಚೆ ಮಲಗಿದ ಬುದ್ಧನಂತೆ ಕಾಣುವ ಗುಡ್ಡಸಾಲು. ಸೈಕಲ್ ಗಂಟೆ ಕೇಳಿದಂತಾಗಿ ತಿರುಗಿದೆ. ಯಾರೂ ಇರಲಿಲ್ಲ. ಕ್ಯಾಂಪಿನ ದವಾಖಾನೆಯ ಕಂಪೌಂಡರ್ ರಾಜಾಸಾಬರು ಗುರುವಾರ ಸಂಜೆ ನಮ್ಮ ಬೇಲಿಯ ಹೊರಗೆ ಎರಡು ಸಲ ಗಂಟೆ ಬಾರಿಸುತ್ತಿದ್ದರು. ಒಳಗೆ ಬರುತ್ತಿರಲಿಲ್ಲ, ಹೆಸರು ಹಿಡಿದು ಕೂಗುತ್ತಿರಲಿಲ್ಲ. ಅಣ್ಣ ಎದ್ದು ಹೋಗುತ್ತಿದ್ದ. ಇಬ್ಬರೂ ಸೈಕಲ್ ತಳ್ಳಿಕೊಂಡು ದಂಡೆಯ ಮೇಲೆ ನಡೆಯುತ್ತಿದ್ದರು. ಆಗ ಅಣ್ಣನಿಗೆ ಹದಿನೇಳು, ನನಗೆ ಹತ್ತು.

ಆಟೋದವನು ಹಾರ್ನ್ ಹೊಡೆದ. ಬಂದೆ.

ಆಗಸ್ಟ್ 17, ಬುಧವಾರ. ಯಾದಗಿರಿ

ಪ್ರೋಗ್ರಾಂನ ಮಾದರಿ ಬಂತು. ಚೆನ್ನಾಗಿದೆ. ಸಂದೇಶ ಹೋಗುತ್ತದೋ ಇಲ್ಲವೋ ನೋಡಲು ನಿಜವಾದ ಸಂಖ್ಯೆಗಳೇ ಬೇಕಿದ್ದವು. ಸುರಪುರದ ರಿಜಿಸ್ಟರಿನಿಂದ ಬರೆದುಕೊಂಡಿದ್ದ ಮೂರು ಕೇಸಿನವರ ಸಂಖ್ಯೆ ಹಾಕಿದೆ: ಕೇಸು 9, 14, 22. "ನಾಳೆ ಗುರುವಾರ ನಿಮ್ಮ ಮಾನಸಿಕ ಆರೋಗ್ಯ ಸಲಹೆಯ ಭೇಟಿ ಇದೆ. ತಪ್ಪದೆ ಬನ್ನಿ." ಕೆಳಗೆ ಬಸ್ಸಮ್ಮನವರ ಸಂಖ್ಯೆ. ಎರಡು ತಲುಪಿದವು. ಒಂದು ಫೋನು ಬಂದ್ ಇತ್ತು.

ಕಾದಂಬರಿ ಮುಗಿಯುತ್ತ ಬಂದಿದೆ.

ಆಗಸ್ಟ್ 18, ಗುರುವಾರ. ಸುರಪುರ

ಹದಿನಾಲ್ಕು ಬಂದಿಲ್ಲ.

ಹನ್ನೆರಡೂವರೆಗೆ ಅವಳ ಮನೆಯ ಸಂಖ್ಯೆಯಿಂದಲೇ ಫೋನು ಬಂತು. ಬಸ್ಸಮ್ಮನವರು ಎತ್ತಿದರು. ಗಂಡಸಿನ ದನಿ, ನನಗೂ ಕೇಳುವಷ್ಟು ಜೋರು. ಹುಡುಗಿಯ ಅಣ್ಣ.

"ಇದ್ಯಾವ ಹುಚ್ಚರ ದವಾಖಾನಿರೀ?"

"ಇದು ಹೊಲಿಗಿ ಕ್ಲಾಸಪ್ಪ."

"ಹೊಲಿಗಿ ಕ್ಲಾಸಿನವರು ಮಾನಸಿಕ ಅಂತ ಯಾಕ ಬರೀತೀರಿ? ನಮ್ಮ ತಂಗಿಗೆ ಏನ್ ಆಗ್ಯಾದಂತ? ನಾಳಿ ಆಕಿನ್ನ ನೋಡಾಕ ಬರೋ ಗಂಡಿನವರಿಗೆ ಏನ್ ಹೇಳಬೇಕು?"

ಫೋನು ಕಟ್ ಆಯಿತು. ಬಸ್ಸಮ್ಮನವರು ಅದನ್ನು ಯಂತ್ರದ ಮೇಲಿಟ್ಟು ನನ್ನ ಕಡೆ ತಿರುಗಿದರು. ನಾನು ನಿನ್ನೆ ಮಾಡಿದ್ದನ್ನು ಹೇಳಿದೆ. ಕಳಿಸಿದ ಹೊತ್ತು, ಪದಗಳು, ಎಲ್ಲವನ್ನೂ ಸರಿಯಾಗಿ ಹೇಳಿದೆ.

ಬೈಯುತ್ತಾರೆಂದು ಕಾದೆ. "ಕೇಳಿ ಮಾಡಬೇಕಿತ್ತು," ಎಂದಷ್ಟೇ ಹೇಳಿದರು. ಆಮೇಲೆ ಸೂಜಿಗೆ ದಾರ ಪೋಣಿಸುತ್ತ, "ನಿಮ್ಮ ಕಂಪ್ಯೂಟರಿಗೆ ಬಾಯಿ ಅದ ಮೇಡಂ. ನನ್ನ ಫೋನಿಗೆ ಬಾಯಿ ಇಲ್ಲ. ಅಷ್ಟ ಫರಕು."

"ನಾನೇ ಕಕ್ಕೇರಾಕ್ಕೆ ಹೋಗಿ ಮನೆಯವರಿಗೆ ತಿಳಿಸಿ ಹೇಳುತ್ತೇನೆ."

"ಜೀಪು ತಗೊಂಡು ಹೋಗ್ತೀರಾ? ಓಣಿ ಮಂದಿ ಎಲ್ಲಾ ಬಾಗಲದಾಗ ನಿಂತು ನೋಡಲಿ. ಕೂತ್ಕೋರಿ ಸುಮ್ಮ."

ಕಕ್ಕೇರಾದ ಆಶಾ ಕಾರ್ಯಕರ್ತೆ ಮಲ್ಲಿಕಮ್ಮನಿಗೆ ಫೋನು ಮಾಡಿದರು. ಹುಡುಗಿ ಕೆನಾಲಿನ ಕಡೆ ಹೋದರೆ ಯಾರಾದರೂ ಜೊತೆಗಿರುವಂತೆ ನೋಡಿಕೊಳ್ಳಲು ಹೇಳಿದರು.

ಆಗಸ್ಟ್ 20, ಶನಿವಾರ

ಮಲ್ಲಿಕಮ್ಮ ಮಕ್ಕಳ ತೂಕದ ನೆಪದಲ್ಲಿ ಆ ಓಣಿಗೆ ಹೋಗಿ ಬಂದಳಂತೆ. ಹುಡುಗಿ ಮನೆಯಲ್ಲಿದ್ದಾಳೆ, ಹೊರಗೆ ಬಿಡುತ್ತಿಲ್ಲ. ರೊಟ್ಟಿಯ ವಿಷಯ ಕೇಳಿದೆ. ಅದು ಗೊತ್ತಾಗಿಲ್ಲ.

ಕಾದಂಬರಿ ತೆರೆದೆ. ಒಂದೇ ಪುಟದಲ್ಲಿದ್ದೇನೆ.

ಆಗಸ್ಟ್ 24, ಬುಧವಾರ. ಸುರಪುರ

ಇವತ್ತು ಸುರಪುರದಲ್ಲಿ ನನಗೆ ಕೆಲಸವಿರಲಿಲ್ಲ. ಹೋದೆ. ಹನ್ನೊಂದಕ್ಕೆ ಬಸ್ಸಮ್ಮ ಎರಡು ಮಿಸ್ ಕಾಲ್ ಕೊಟ್ಟರು. ಸಂಜೆ ಐದರವರೆಗೆ ಕೂತಿದ್ದೆವು. ತಿರುಗಿ ಬರಲಿಲ್ಲ.

ಆಗಸ್ಟ್ 25, ಗುರುವಾರ

ಬಂದಿಲ್ಲ.

ಆಗಸ್ಟ್ 28, ಭಾನುವಾರ. ಯಾದಗಿರಿ

ಬರೆಯಬೇಕಾದ್ದು ಪಟ್ಟಿ. ಇದನ್ನು ಬರೆಯುತ್ತಿದ್ದೇನೆ.

ಅಣ್ಣ ಪಿಯುಸಿ ಎರಡನೆಯ ವರ್ಷದಲ್ಲಿದ್ದಾಗ ಮಾತು ಬಿಟ್ಟ. ಪುಸ್ತಕ ತೆರೆದು ಕೂರುತ್ತಿದ್ದ, ಹಾಳೆ ತಿರುಗಿಸುತ್ತಿರಲಿಲ್ಲ. ಅವ್ವ ಮಾನಮ್ಮ ದೃಷ್ಟಿ ತೆಗೆದಳು, ತಾಯಿತ ಕಟ್ಟಿಸಿದಳು. ಅಪ್ಪ ಏನೂ ಅನ್ನಲಿಲ್ಲ. ಒಂದು ಗುರುವಾರದಿಂದ ರಾಜಾಸಾಬರು ಗಂಟೆ ಬಾರಿಸಲು ಶುರು ಮಾಡಿದರು. ಅಪ್ಪನೇ ಕೇಳಿಕೊಂಡಿರಬೇಕು. ದಂಡೆಯ ಮೇಲೆ ಅವರು ಏನು ಮಾತಾಡುತ್ತಿದ್ದರೋ ಗೊತ್ತಿಲ್ಲ. ಮೂರು ತಿಂಗಳಾದ ಮೇಲೆ ಒಂದು ಸಂಜೆ ಅಣ್ಣ ಜೋಳದ ಸಿಹಿ ತೆನೆ ತಂದು ಸುಟ್ಟು ನನಗೆ ಕೊಟ್ಟ. ಕೈ ಸುಟ್ಟುಕೊಂಡು ನಕ್ಕ.

ಅದರ ಮರುವಾರ ನಲ್ಲಿಯ ಹತ್ತಿರ ಓವರ್‌ಸಿಯರ್ ಹೆಂಡತಿ ನನ್ನನ್ನು ಕೇಳಿದಳು, ನಿಮ್ಮಣ್ಣ ಗುರುವಾರ ಗುರುವಾರ ಎಲ್ಲಿಗೆ ಹೋಗ್ತಾನವ್ವ ಅಂತ. ಆರೇಳು ಹೆಂಗಸರಿದ್ದರು. ನಾನು ಹೇಳಿದೆ: "ರಾಜಾಸಾಬರ ಸಂಗಟ ಹೋಗ್ತಾನ್ರಿ, ತಲಿ ಸರಿ ಆಗಾಕ."

ಕಂಡಷ್ಟೇ ಹೇಳಿದೆ. ಏನೂ ಸೇರಿಸಲಿಲ್ಲ.

ಭಾನುವಾರದೊಳಗೆ ಕ್ಯಾಂಪಿನ ಹುಡುಗರಿಗೆಲ್ಲ ಗೊತ್ತಾಯಿತು. ಮುಂದಿನ ಗುರುವಾರ ಗಂಟೆ ಎರಡು ಸಲ ಬಾರಿಸಿತು. ಅಣ್ಣ ಏಳಲಿಲ್ಲ. ಅದರ ಮುಂದಿನ ವಾರವೂ ಬಾರಿಸಿತು. ಒಂಬತ್ತು ಗುರುವಾರ. ನಾನು ಎಣಿಸಿದ್ದೇನೆ. ಆಮೇಲೆ ರಾಜಾಸಾಬರಿಗೆ ವರ್ಗವಾಯಿತು. ಅಣ್ಣ ಪರೀಕ್ಷೆಗೆ ಕೂರಲಿಲ್ಲ, ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋದ. ನಲ್ಲಿಯ ಹತ್ತಿರ ಹೇಳಿದ್ದು ಯಾರು ಎಂದು ಅವನು ಒಂದು ಸಲವೂ ಕೇಳಲಿಲ್ಲ. ಅವನಿಗೆ ಗೊತ್ತು.

ಆಗಸ್ಟ್ 31, ಬುಧವಾರ. ಸುರಪುರ

ಗಣೇಶ ಚೌತಿ. ಓಣಿಯಲ್ಲಿ ಸ್ಪೀಕರಿನ ಗದ್ದಲ. ಬಸ್ಸಮ್ಮ ಕಡುಬು ತಂದಿದ್ದಳು. ಹನ್ನೊಂದಕ್ಕೆ ಎರಡು ಕರೆ.

"ಎಷ್ಟು ವಾರ ಹಿಂಗ ಕೊಡ್ತಿ ಬಸ್ಸಮ್ಮ?" ಎಂದೆ.

"ಆಕಿ ಕೈಗೆ ಫೋನ್ ಸಿಗೋ ತನಕ. ಕಡುಬು ತಿನ್ನು ಅಕ್ಕ. ಹಿಡಕೊಂಡು ಕೂತ್ರ ಅದೇನು ಮರಿ ಹಾಕ್ತದೇನು?"

ಇವತ್ತು ಪಟ್ಟಿ ಕೊಡುವ ದಿನ. ಕೊಟ್ಟಿಲ್ಲ.

ಸೆಪ್ಟೆಂಬರ್ 1, ಗುರುವಾರ. ಸುರಪುರ

ಹನ್ನೊಂದೂ ನಲವತ್ತು. ಫೋನು ಒಂದು ಸಲ ಬಾರಿಸಿ ನಿಂತಿತು. ಅವಳ ಮನೆಯ ಸಂಖ್ಯೆ. ಎರಡನೆಯದಕ್ಕೆ ಕಾದೆವು. ಬರಲಿಲ್ಲ.

ಒಂದು. ಬರಲು ಆಗುವುದಿಲ್ಲ, ಆದರೆ ಆರಾಮ ಇದ್ದಾಳೆ.

ಬಸ್ಸಮ್ಮ ಸೆರಗಿನಿಂದ ಫೋನನ್ನು ಒರೆಸಿದಳು. ಒರೆಸುವಂಥದ್ದು ಅದರ ಮೇಲೇನೂ ಇರಲಿಲ್ಲ. "ನೋಡ್ದಿ? ಮರೆತಿಲ್ಲ ಹುಡುಗಿ," ಎಂದಳು. ನಾನು ಹೊರಗೆ ಹೋಗಿ ಚಹಾ ಹೇಳಿ ಬಂದೆ.

ಸೆಪ್ಟೆಂಬರ್ 5, ಸೋಮವಾರ. ಯಾದಗಿರಿ

ಕಲಬುರಗಿಯಿಂದ ಹಣಮಂತ್ರಾಯ ಸರ್ ಫೋನು. ಅವರೇ ಈ ಕೆಲಸದ ಮೇಲ್ವಿಚಾರಕರು. ಪಟ್ಟಿ ನಿನ್ನೆ ಕಳಿಸಿದ್ದೆ.

"ಏನ್ರಿ ಇದು ದೇವಕಮ್ಮ? ಫೋನ್ ನಂಬರ್ ಕಡ್ಡಾಯ ಇಲ್ಲ ಅಂದೀರಿ. ಮೆಸೇಜ್ ಬ್ಯಾಡ ಅಂದೀರಿ. ರಿಜಿಸ್ಟರಿನ ಮಜಕೂರು ಸಲಹೆಗಾರರ ಮಾತಿನಾಗೇ ಇರಲಿ ಅಂದೀರಿ. ಮತ್ತ ಸಿಸ್ಟಮ್ ಏನ್ ಮಾಡ್ತದ, ನಿದ್ದಿ ಮಾಡ್ತದೇನು?"

"ಬುಧವಾರ ಯಾರಿಗೆ ಎರಡು ಮಿಸ್ ಕಾಲ್ ಕೊಡಬೇಕು ಅಂತ ಬಸ್ಸಮ್ಮಗ ನೆನಪು ಮಾಡ್ತದ್ರಿ ಸರ. ಆಕಿಗೆ ಅಷ್ಟ. ಮಕ್ಕಳಿಗೆ ಏನೂ ಹೇಳಂಗಿಲ್ಲ. ಅದಕ್ಕ ಬಾಯಿ ಇರಬಾರದ್ರಿ."

"ಎಲ್ಲಾ ಕಡಿ ಮೆಸೇಜ್ ಅದ. ಮ್ಯಾಲಿನವರು ಅದನ್ನ ಮೊದಲ ಕೇಳ್ತಾರ."

"ಕೇಳಿದ್ರ ನನ್ನ ಹೆಸರು ಹೇಳ್ರಿ. ಮೆಸೇಜ್ ಕಳಿಸಿ ಒಬ್ಬ ಹುಡುಗೀನ ಮೂರು ವಾರ ಮನ್ಯಾಗ ಕೂಡಿಸಿದಾಕಿ ನಾನ. ಅದನ್ನೂ ಪಟ್ಟಿ ಕೊನಿಗೆ ಬರದೀನಿ, ಓದ್ರಿ."

ಅವರು, "ನೀವು ಹಿಂಗ ಮಾತಾಡಿದ್ದು ನಾ ಕೇಳಿಲ್ಲ ಬಿಡ್ರಿ," ಎಂದರು. ಯಾವ ಅರ್ಥದಲ್ಲಿ ಅಂದರೋ ಗೊತ್ತಾಗಲಿಲ್ಲ. ಓದುತ್ತೇನೆ ಎಂದರು.

ಈ ವಾರವೇ ವಾಪಸು ಹೋಗಬಹುದಿತ್ತು. ಲಾಡ್ಜಿನವನಿಗೆ ಇನ್ನೊಂದು ವಾರ ಎಂದು ಹೇಳಿದೆ.

ಸೆಪ್ಟೆಂಬರ್ 8, ಗುರುವಾರ. ಸುರಪುರ

ನಿನ್ನೆ ಎರಡು ಬಂದಿದ್ದವಂತೆ. ಬಸ್ಸಮ್ಮ ನನಗೆ ತಿಳಿಸಿರಲಿಲ್ಲ. "ಬಂದು ಬಾಗಲದಾಗ ನಿಂತ ಮ್ಯಾಲೇ ಬಂದ್ಲು ಅನ್ನಬೇಕು," ಎಂದಳು.

ಹತ್ತೂವರೆಗೆ ಬಂದಳು. ಒಬ್ಬಳೇ ಅಲ್ಲ, ಅವಳ ತಾಯಿಯೂ ಜೊತೆಗೆ. ತೆಳ್ಳಗಿನ ಹುಡುಗಿ, ಎಡಗೈಯಲ್ಲಿ ಹಳದಿ ಬ್ಲೌಸ್ ಪೀಸು. ತಾಯಿ ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೆ ನಿಂತು ಬಸ್ಸಮ್ಮನಿಗೆ ಹೇಳಿದಳು:

"ಹೊಲಿಗಿ ಛಲೋ ಕಲಸ್ರಿ ಅಕ್ಕೋರ. ಅರ್ಧಕ್ಕ ನಿಂತಿತ್ತು. ನಮ್ಮ ಗಂಡಸರಿಗೆ ನಾ ಹೇಳೀನಿ. ಮೆಸೇಜ್ ಯಾರಿಗೋ ಬರೋದು ನಮಗ ಬಂದಾದ ಅಂತ."

"ಕಲಸ್ತೀನವ್ವ. ಹೆಣ್ಣು ನೋಡಾಕ ಬರೋರು?"

"ಈಗ ಬ್ಯಾಡ ಅಂದೀನಿ. ಮೊದಲ ಹೊಲಿಗಿ ಮುಗೀಲಿ."

ಅಷ್ಟು ಹೇಳಿ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತಳು. ಅವಳಿಗೆ ಎಲ್ಲವೂ ಗೊತ್ತಿತ್ತು. ಒಂದು ಮಾತೂ ಹೊರಗೆ ಬೀಳಲಿಲ್ಲ.

ಬಸ್ಸಮ್ಮ ನನಗೆ ಬಾಗಿಲ ಬಳಿಯ ಯಂತ್ರ ತೋರಿಸಿದಳು. "ಅಕ್ಕ, ಇದನ್ನ ತುಳಿ. ಸೂಜಿ ಕೆಳಗ ಬಟ್ಟಿ ಇಲ್ದಿದ್ರೂ ನಡೀತದ. ನಿಂದ್ರಸಬ್ಯಾಡ." ತುಳಿದೆ. ಗೋಡೆಯ ಕಡೆ ಮುಖ ಮಾಡಿ ಐವತ್ತು ನಿಮಿಷ ತುಳಿದೆ. ಹಿಂದೆ ಹುಡುಗಿ ಮಾತಾಡುತ್ತಿದ್ದಳು. ದನಿ ಕೇಳುತ್ತಿತ್ತು, ಮಾತು ಕೇಳಲಿಲ್ಲ. ಒಮ್ಮೆ ಅತ್ತಳು, ಒಮ್ಮೆ ನಕ್ಕಹಾಗೂ ಇತ್ತು. ನಾನು ಕಾಲು ನಿಲ್ಲಿಸಲಿಲ್ಲ.

ಹೋಗುವಾಗ ನನ್ನ ಹತ್ತಿರ ನಿಂತು, "ನೀವೂ ಕಲಿಯಾಕ ಬಂದೀರೇನ್ರಿ?" ಎಂದು ಕೇಳಿದಳು.

"ಹೌದವ್ವ," ಎಂದೆ.

ಅವಳ ಹೆಸರು ನನಗೆ ಗೊತ್ತು. ಇಲ್ಲಿ ಬರೆಯುವುದಿಲ್ಲ.

ಸೆಪ್ಟೆಂಬರ್ 10, ಶನಿವಾರ. ಯಾದಗಿರಿ

ಸಂಜೆ ಆರು. ಅಪ್ಪ ಗೇಜ್ ಓದುತ್ತಿದ್ದ ಹೊತ್ತು.

ಅಣ್ಣನ ಸಂಖ್ಯೆ ಒತ್ತಿದೆ. ಒಂದು ಸಲ ಬಾರಿಸಿತು, ಕಟ್ ಮಾಡಿದೆ. ಮತ್ತೆ ಒತ್ತಿದೆ. ಒಂದು ಸಲ, ಕಟ್ ಮಾಡಿದೆ. ಅವನಿಗೆ ಬಸ್ಸಮ್ಮನ ಲೆಕ್ಕ ಗೊತ್ತಿಲ್ಲ. ಗೊತ್ತಿರುವುದು ಗುರುವಾರದ ಸೈಕಲ್ ಗಂಟೆ. ತಂಗಿಯ ಫೋನಿನಲ್ಲಿ ಬ್ಯಾಲೆನ್ಸ್ ಇಲ್ಲ ಅಂದುಕೊಳ್ಳಬಹುದು. ತಿರುಗಿ ಕರೆ ಮಾಡಿ ಯಾಕೆ ಎಂದು ಕೇಳಬಹುದು. ಕೇಳಿದರೆ ಏನು ಹೇಳಬೇಕೆಂದು ಯೋಚಿಸಿ ಇಟ್ಟುಕೊಂಡೆ. ಯಾವುದೂ ಸರಿ ಕಾಣಲಿಲ್ಲ.

ಒಂಬತ್ತರವರೆಗೆ ಫೋನು ಬಾರಿಸಲಿಲ್ಲ. ಮುಂದಿನ ಶನಿವಾರ ಮತ್ತೆ ಎರಡು.

ಸೆಪ್ಟೆಂಬರ್ 11, ಭಾನುವಾರ

ಬೆಳಿಗ್ಗೆ ಏಳೂಕಾಲು. ಹಲ್ಲುಜ್ಜುತ್ತಿದ್ದೆ. ಮಂಚದ ಮೇಲಿದ್ದ ಫೋನು ಬಾರಿಸಿತು. ಅಣ್ಣನ ಹೆಸರು. ಓಡಿ ಹೋಗುವಷ್ಟರಲ್ಲಿ ನಿಂತಿತು.

ಕೈಯಲ್ಲಿ ಹಿಡಿದು ನಿಂತೆ.

ಮತ್ತೆ ಬಾರಿಸಿತು. ನಿಂತಿತು.

ಎಂಟಕ್ಕೆ ಸೈದಾಪುರದ ಬಸ್ಸಿದೆ. ಕಾದಂಬರಿ ಇಲ್ಲೇ ಇರಲಿ. ಚೌಕದಲ್ಲಿ ಸುಟ್ಟ ತೆನೆ ಸಿಕ್ಕರೆ ಎರಡು ಕಟ್ಟಿಸಿಕೊಳ್ಳಬೇಕು.